ಮನೆಯ ಸ್ಟುಡಿಯೋ: ದನಿ ಇದೆ, ಕಡತ ಎಲ್ಲಿ?

(ಬಳಗದ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಇಲ್ಲಿ ಕೂತಿರುವವರಲ್ಲಿ ಐದಾರು ಮಂದಿಯ ಬೇಸ್‌ಮೆಂಟಿನಲ್ಲೋ ಬಟ್ಟೆ ಇಡುವ ಕ್ಲಾಸೆಟ್ಟಿನಲ್ಲೋ ಒಂದು ಮೈಕು, ಒಂದು ಆಡಿಯೋ ಇಂಟರ್‌ಫೇಸು ಇರುವುದು ನನಗೆ ಗೊತ್ತು. ಯಾವ ಮೈಕು ಕೊಳ್ಳಬೇಕು ಅಂತ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಇವತ್ತು ಅದನ್ನು ಬಿಡೋಣ. ರೆಕಾರ್ಡ್ ಮಾಡಿದ ಕಡತಗಳು ಎಲ್ಲಿ ಹೋಗಿ ಕೂರುತ್ತವೆ, ಹತ್ತು ವರ್ಷ ಬಿಟ್ಟು ಅವನ್ನು ಬೇರೆಯವರು ತೆರೆಯಬಲ್ಲರೇ, ಇಷ್ಟೇ ನನ್ನ ವಿಷಯ.

ಕನ್ನಡದ ಬಳಗದಲ್ಲಿ ಇದೇಕೆ ಅನ್ನಬಹುದು. ನಾವು ರೆಕಾರ್ಡ್ ಮಾಡುವುದು ಏನನ್ನು ಅಂತ ನೋಡಿ. ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಸಾಮಾನ್ಯವಾಗಿ ಆರು ತಿಂಗಳು ಇರುತ್ತಾರೆ. ಒಂದು ಭಾನುವಾರ ಅಮ್ಮನನ್ನು ಕೂರಿಸಿ ಸೋಬಾನೆ ಪದ, ಬೀಸುವ ಕಲ್ಲಿನ ಪದ ಹಾಡಿಸುತ್ತೇವೆ. ಸಿನಿಮಾ ಹಾಡಿನ ಕವರ್ ಹಾಳಾದರೆ ಇನ್ನೊಮ್ಮೆ ಹಾಡಿಕೊಳ್ಳಬಹುದು. ಇದು ಹಾಗಲ್ಲ.

ನಮ್ಮ ಗೆಳೆಯರೊಬ್ಬರು ಕಳೆದ ವರ್ಷ ಹಳೆಯದೊಂದು ಹಾರ್ಡ್ ಡಿಸ್ಕ್ ತಂದುಕೊಟ್ಟರು. 2011ರಲ್ಲಿ ಅವರ ತಾಯಿ ಹಾಡಿದ್ದು. ತಾಯಿ ಈಗ ಇಲ್ಲ. ಡಿಸ್ಕ್ ಗಟ್ಟಿಮುಟ್ಟಾಗಿತ್ತು. ಪ್ರಾಜೆಕ್ಟ್ ತೆರೆದರೆ ಒಂಬತ್ತು ಟ್ರ್ಯಾಕ್‌ಗಳಲ್ಲಿ ಆರು ಖಾಲಿ, ‘ಕಡತ ಸಿಗಲಿಲ್ಲ’ ಅನ್ನುವ ಸಂದೇಶ. ಹುಡುಕಿದರೆ ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ ‘ಆಡಿಯೋ 1’ ಅನ್ನುವ ಹೆಸರಿನವು ಹತ್ತಾರು. ಎರಡು ವಾರಾಂತ್ಯ ಒಂದೊಂದನ್ನೂ ಕೇಳಿ ಜೋಡಿಸಿದೆವು. ನಾಲ್ಕು ಸಿಕ್ಕವು. ಇನ್ನೆರಡು ಆ ಕಾಲದ ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನಲ್ಲೇ ಉಳಿದಿದ್ದವು; ಆ ಲ್ಯಾಪ್‌ಟಾಪ್ ಎಂದೋ ರಿಸೈಕ್ಲಿಂಗಿಗೆ ಹೋಗಿತ್ತು.

ಹೀಗಾಗುವುದು ಯಾಕೆಂದರೆ, ರೀಪರ್, ಕ್ಯೂಬೇಸ್, ಪ್ರೋ ಟೂಲ್ಸ್ ಇಂಥ ತಂತ್ರಾಂಶಗಳ ಪ್ರಾಜೆಕ್ಟ್ ಕಡತದೊಳಗೆ ದನಿ ಇರುವುದಿಲ್ಲ. ‘ಇಂಥ ಫೋಲ್ಡರಿನ ಇಂಥ ವೇವ್ ಕಡತವನ್ನು ಇಷ್ಟನೇ ಸೆಕೆಂಡಿನಿಂದ ನುಡಿಸು’ ಎನ್ನುವ ವಿಳಾಸಗಳು ಮಾತ್ರ ಇರುತ್ತವೆ. ರೀಪರಿನ ಪ್ರಾಜೆಕ್ಟನ್ನು ನೋಟ್‌ಪ್ಯಾಡಿನಲ್ಲೇ ತೆರೆದು ಇದನ್ನು ನೋಡಬಹುದು, ಒಮ್ಮೆ ನೋಡಿ. ಆಡಾಸಿಟಿ ಮಾತ್ರ 2021ರ ಮೂರನೇ ಆವೃತ್ತಿಯಿಂದ ಎಲ್ಲವನ್ನೂ ಒಂದೇ ಕಡತದಲ್ಲಿ ಇಡುತ್ತಿದೆ. ಉಳಿದವುಗಳಲ್ಲಿ ಡೆಸ್ಕ್‌ಟಾಪಿನಿಂದ ಎಳೆದು ಹಾಕಿದ ತಂಬೂರಿ ದನಿ ಡೆಸ್ಕ್‌ಟಾಪಿನಲ್ಲೇ ಇರಬಹುದು. ಆದ್ದರಿಂದ ಮೊದಲು ಖಾಲಿ ಪ್ರಾಜೆಕ್ಟನ್ನು ಅದರದೇ ಫೋಲ್ಡರಿನಲ್ಲಿ ಸೇವ್ ಮಾಡಿ, ಆಮೇಲೆ ರೆಕಾರ್ಡ್ ಒತ್ತಿ. ಕೆಲಸ ಮುಗಿದಾಗ ಹೊರಗಿನದನ್ನೆಲ್ಲ ಒಳಗೆ ಸೇರಿಸುವ ಆಯ್ಕೆ ಬಳಸಿ. ರೀಪರಿನ ‘ಸೇವ್ ಆ್ಯಸ್’ ಕಿಟಕಿಯಲ್ಲೇ ಅದಿದೆ, ಕ್ಯೂಬೇಸಿನಲ್ಲಿ ‘ಪ್ರಿಪೇರ್ ಆರ್ಕೈವ್’, ಪ್ರೋ ಟೂಲ್ಸಿನಲ್ಲಿ ‘ಸೇವ್ ಕಾಪಿ ಇನ್’.

ಈಗ ಹೆಸರಿನ ವಿಷಯ. ಇಲ್ಲಿ ನೀವು ನನ್ನ ಮೇಲೆ ಸಿಟ್ಟಾಗಬಹುದು.

ಕಡತಕ್ಕೆ ಕನ್ನಡ ಲಿಪಿಯಲ್ಲಿ ಹೆಸರಿಡಬೇಡಿ ಅನ್ನುತ್ತೇನೆ. ‘ಏನಪ್ಪಾ, ಕನ್ನಡ ಬಳಗದಲ್ಲಿ ನಿಂತು ಹೀಗೆ ಹೇಳ್ತೀಯಲ್ಲ’ ಅನ್ನಬೇಡಿ, ಕಾರಣ ಕೇಳಿ. ಯೂನಿಕೋಡಿನಲ್ಲಿ ‘ಕೋಲಾಟ’ದ ‘ಕೋ’ವನ್ನು ಎರಡು ರೀತಿ ಬರೆಯಬಹುದು. ಓತ್ವದ ಗುರುತನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎತ್ವ, ಊತ್ವ, ದೀರ್ಘದ ಗುರುತು ಹೀಗೆ ಮೂರು ಸಂಕೇತವಾಗಿ ಬಿಡಿಸಿಡಬಹುದು. ಪರದೆಯ ಮೇಲೆ ಎರಡೂ ಒಂದೇ. 2017ರಲ್ಲಿ ಹೊಸ ಕಡತ ವ್ಯವಸ್ಥೆ ಬರುವ ತನಕ ಮ್ಯಾಕ್ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ವಿಂಡೋಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ಮ್ಯಾಕಿನ ಡಿಸ್ಕನ್ನು ವಿಂಡೋಸಿಗೆ ನಕಲಿಸಿದಾಗ ಕಣ್ಣೆದುರೇ ಕಡತ ಇದ್ದೂ ತಂತ್ರಾಂಶ ಇಲ್ಲ ಅನ್ನಬಹುದು. ಲಿನಕ್ಸಿನಲ್ಲಿ ಇನ್ನೊಂದು ತೊಡಕು. ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಹಾಡಿನ ಮೊದಲ ಸಾಲನ್ನು ಪೂರ್ತಿ ಹೆಸರಾಗಿಡುವವರಿಗೆ 85 ಸಂಕೇತಕ್ಕೇ ಬಾಗಿಲು ಮುಚ್ಚುತ್ತದೆ. ತಪ್ಪು ಕನ್ನಡದ್ದಲ್ಲ. ಆದರೆ ಅಮ್ಮನ ದನಿಯನ್ನು ಪಣಕ್ಕಿಟ್ಟು ಆ ಜಗಳ ಆಡುವುದು ಬೇಡ.

ಹಾಗಾದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ? ಅದು ಇನ್ನೂ ಕೆಟ್ಟದ್ದು. ‘ಹಾಡು’ ಅನ್ನುವುದನ್ನು ನಮ್ಮಲ್ಲೇ ನಾಲ್ಕು ಜನ ನಾಲ್ಕು ರೀತಿ ಬರೆಯುತ್ತೀರಿ. ಬರಹ ತಂತ್ರಾಂಶದ ಕ್ರಮದಲ್ಲಿ ‘ಮಳೆ’ಗೆ ದೊಡ್ಡ ಎಲ್, ‘ಮಲೆ’ಗೆ ಚಿಕ್ಕ ಎಲ್. ಮಾಮೂಲಿ ವಿಂಡೋಸಿಗೆ ಎರಡೂ ಒಂದೇ ಹೆಸರು. ಮಳೆಯ ಹಾಡಿನ ಮೇಲೆ ಮಲೆಯ ಹಾಡನ್ನು ನಕಲಿಸಿ, ಕೇಳಿದ ಪ್ರಶ್ನೆಗೆ ಓದದೆ ‘ಹೌದು’ ಅಂದರೆ ಮಳೆ ಹೋಯಿತು.

ನಾನು ಬಳಸುವುದು ಬರೀ ಅಂಕಿ. 014-03-02 ಅಂದರೆ ಹದಿನಾಲ್ಕನೇ ಹಾಡು, ಮೂರನೇ ಟ್ರ್ಯಾಕ್, ಎರಡನೇ ಟೇಕ್. ಟ್ರ್ಯಾಕ್ ಸಂಖ್ಯೆ ಎಲ್ಲ ಹಾಡಿಗೂ ಒಂದೇ: 01 ಹಾಡುವವರ ದನಿ, 02 ತಂಬೂರಿ, 03 ತಬಲ. ಫೋಲ್ಡರಿಗೆ ಹಾಡಿನ ಸಂಖ್ಯೆ ಮತ್ತು ತಾರೀಖು, ವರ್ಷ ಮೊದಲು: 014-2024-03-17. ಆಗ ಹೆಸರಿನ ಪ್ರಕಾರ ಜೋಡಿಸಿದರೂ ಕ್ರಮ ಕೆಡುವುದಿಲ್ಲ. ಒಂದು ಮಾತು ನೆನಪಿಡಿ, ಟ್ರ್ಯಾಕಿಗೆ ಹೆಸರು ಕೊಡುವುದು ರೆಕಾರ್ಡ್ ಗುಂಡಿ ಒತ್ತುವ ಮುಂಚೆ. ಬಹುತೇಕ ತಂತ್ರಾಂಶಗಳು ಟ್ರ್ಯಾಕಿನ ಹೆಸರಿನಿಂದಲೇ ಕಡತದ ಹೆಸರು ಕಟ್ಟುತ್ತವೆ. ‘ಆಡಿಯೋ 1’ ಹುಟ್ಟುವುದು ಅಲ್ಲೇ.

ಕನ್ನಡ ಎಲ್ಲಿ ಬರಬೇಕೆಂದರೆ, ಪ್ರತಿ ಫೋಲ್ಡರಿನಲ್ಲೂ ಇಡುವ ಒಂದು ಸಾದಾ ಪಠ್ಯ ಕಡತದಲ್ಲಿ. ಯುಟಿಎಫ್-8ರಲ್ಲಿ ಸೇವ್ ಮಾಡಿ. ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಯಾರಿಂದ ಕಲಿತದ್ದು, ಯಾವ ಊರಿನ ಪದ, ಯಾವ ಶಾಸ್ತ್ರದಲ್ಲಿ ಹೇಳುವುದು, ಶ್ರುತಿ ಯಾವುದು, ಬೇರೆಯವರಿಗೆ ಕೇಳಿಸಬಹುದು ಅಂತ ಹಾಡಿದವರು ಒಪ್ಪಿದ್ದಾರೆಯೇ. ಇದನ್ನು ಹಾಡಿದವರು ಎದುರಿಗೆ ಕೂತಿರುವಾಗಲೇ ಬರೆದುಕೊಳ್ಳಿ. ಗೆಳೆಯರ ಡಿಸ್ಕಿನಲ್ಲಿ ದನಿಯನ್ನು ಹೇಗೋ ಹುಡುಕಿದೆವು, ಅದು ಯಾವ ಊರಿನ ಪದ ಅಂತ ಹೇಳುವವರು ಸಿಗಲಿಲ್ಲ. ವೇವ್ ಕಡತದೊಳಗೇ ವಿವರ ಬರೆಯಲು 1997ರಲ್ಲಿ ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಬ್ರಾಡ್‌ಕಾಸ್ಟ್ ವೇವ್ ಅಂತ ಒಂದು ಏರ್ಪಾಡು ಮಾಡಿತು. ಅದರ ವಿವರಣೆಯ ಜಾಗ 256 ಆಸ್ಕಿ ಅಕ್ಷರ ಮಾತ್ರ, ಕನ್ನಡಕ್ಕೆ ಜಾಗವಿಲ್ಲ. ಇನ್ನು ಹಳೆಯ ಬರಹ, ನುಡಿ ಫಾಂಟುಗಳಲ್ಲಿ ಟೈಪಿಸಿಟ್ಟ ಸಾಹಿತ್ಯ ನಿಮ್ಮ ಹತ್ತಿರ ಇದ್ದರೆ ಈ ವಾರವೇ ಯೂನಿಕೋಡಿಗೆ ಬದಲಿಸಿ. ಆ ಫಾಂಟು ಇಲ್ಲದ ಗಣಕದಲ್ಲಿ ಅದು ಬರೀ ಚಿತ್ತಾರ.

ಜಾಗದ ಚಿಂತೆ ಬೇಡ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಹನ್ನೆರಡು ಟ್ರ್ಯಾಕ್ ಇದ್ದರೂ ಸುಮಾರು 415 ಎಂಬಿ. ಇದಕ್ಕಾಗಿ ಎಂಪಿ3 ಮಾಡಿ ಮೂಲ ಅಳಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ದಿನವಿಡೀ ನಡೆಯುವ ಸಮ್ಮೇಳನ ರೆಕಾರ್ಡ್ ಮಾಡುವವರು ಮಾತ್ರ ಗಮನಿಸಿ, ಮಾಮೂಲಿ ವೇವ್ ಕಡತ 4 ಜಿಬಿ ದಾಟದು; ಸ್ಟೀರಿಯೋ ಆದರೆ ನಾಲ್ಕು ಗಂಟೆ ಚಿಲ್ಲರೆ.

ಹಾಡು ಮುಗಿಸಿದ ದಿನ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಕಡತವಾಗಿ ಹೊರತೆಗೆದು ಬೇರೆ ಫೋಲ್ಡರಿನಲ್ಲಿಡಿ. ನಾಳೆ ಆ ತಂತ್ರಾಂಶವೇ ಇಲ್ಲವಾದರೂ ಇವನ್ನು ಯಾವುದರಲ್ಲಿ ಬೇಕಾದರೂ ಸಾಲಾಗಿ ಇಟ್ಟರೆ ಹಾಡು ಕೂಡುತ್ತದೆ.

ಒಟ್ಟು ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ಮೋಡದ ಸಿಂಕ್ ಫೋಲ್ಡರ್ ಇದೆಯಲ್ಲ ಅನ್ನುತ್ತೀರಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅದು ನಕಲು ಮಾತ್ರ. ಬೇರೆ ಊರು ಅಂದರೆ ನಮಗೆ ಕಷ್ಟವಿಲ್ಲ, ರಜೆಗೆ ಹೋಗುವಾಗ ಒಂದು ಡಿಸ್ಕ್ ತೆಗೆದುಕೊಂಡು ಹೋಗಿ ಹಾಸನದಲ್ಲೋ ಧಾರವಾಡದಲ್ಲೋ ಅಣ್ಣನ ಮನೆಯ ಬೀರುವಿನಲ್ಲಿಡಿ. ಮುಂದಿನ ಸಲ ಹೋದಾಗ ತೆರೆದು ಕೇಳಿ, ಹೊಸದನ್ನು ಸೇರಿಸಿ.

ನಾನು ಬಳಸುವ ಖಾಲಿ ಫೋಲ್ಡರುಗಳ ಮಾದರಿ, ಪಠ್ಯ ಕಡತದ ನಮೂನೆ ಎರಡೂ ಈ ಪೆನ್ ಡ್ರೈವಿನಲ್ಲಿವೆ. ಊಟಕ್ಕೆ ಮೊದಲು ಬೇಕಾದವರು ನಕಲು ಮಾಡಿಕೊಳ್ಳಿ. ಹಳೆಯ ಡಿಸ್ಕ್ ತಂದಿರುವವರು ಆ ಮೂಲೆಯ ಮೇಜಿನ ಹತ್ತಿರ ಬನ್ನಿ, ಈಗಲೇ ತೆರೆದು ನೋಡೋಣ.