ನಮ್ಮ ಶಾಲೆಯ ಅಂಕಿಬೀಗ

(ವಾರ್ಷಿಕೋತ್ಸವದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪರೀಕ್ಷೆಯ ಫಲಿತಾಂಶವನ್ನೂ ಆಟೋಟಗಳ ವಿವರವನ್ನೂ ವಾರ್ಷಿಕ ವರದಿಯಲ್ಲಿ ತಾವು ಈಗಾಗಲೇ ಕೇಳಿದ್ದೀರಿ. ಅದೇ ವರದಿಯ ಖರ್ಚಿನ ಪಟ್ಟಿಯಲ್ಲಿ ‘ಕಂಪ್ಯೂಟರ್ ಕೊಠಡಿಗೆ ಅಂಕಿಬೀಗ’ ಎಂಬುದೊಂದು ಸಾಲು ಇದೆ. ಅದನ್ನು ಕಂಡ ಪೋಷಕರೊಬ್ಬರು, “ಮಾಷ್ಟ್ರೇ, ಒಂದು ಬೀಗಕ್ಕೆ ಇಷ್ಟು ಹಣವೇ? ಪೇಟೆಯಲ್ಲಿ ಒಳ್ಳೆಯ ಹಿತ್ತಾಳೆಯ ಬೀಗ ಸಿಗುವುದಿಲ್ಲವೇ?” ಎಂದು ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಕಂಗಿನ ತೋಟದ ದುಡಿಮೆಯಿಂದಲೂ ಬೀಡಿ ಕಟ್ಟಿದ ಕೂಲಿಯಿಂದಲೂ ಉಳಿಸಿ ಕೊಟ್ಟ ಹಣ ಈ ಸಂಘದ್ದು. ಅದರ ಲೆಕ್ಕವನ್ನು ಹೇಳುವುದು ನಮ್ಮ ಕರ್ತವ್ಯ. ಆದರೆ ಹಣದ ಲೆಕ್ಕಕ್ಕಿಂತ ದೊಡ್ಡದಾದ ಇನ್ನೊಂದು ಲೆಕ್ಕವನ್ನೂ ಈ ಬೀಗ ನಮಗೆ ಕಲಿಸಿತು. ನಮ್ಮ ತಪ್ಪೊಂದು ಅದರಲ್ಲಿದೆ. ಅದನ್ನು ಮುಚ್ಚಿಡದೆ ತಮ್ಮ ಮುಂದಿಡುವುದಕ್ಕಾಗಿಯೇ ಇಂದಿನ ಭಾಷಣಕ್ಕೆ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಮೊದಲು, ಹಳೆಯ ಬೀಗ ಏಕೆ ಸಾಲಲಿಲ್ಲವೆಂಬುದನ್ನು ಹೇಳುತ್ತೇವೆ. ಆ ಕೊಠಡಿಗೆ ಇದ್ದುದು ಒಂದು ಬೀಗ, ಎರಡು ಬೀಗದ ಕೈ. ಒಂದು ಜವಾನರ ಸೊಂಟದಲ್ಲಿ, ಇನ್ನೊಂದು ನಮ್ಮ ಮೇಜಿನ ಸೆಳೆಖಾನೆಯಲ್ಲಿ. ಜವಾನರು ರಜೆ ಹಾಕಿ ನಾವು ಸಭೆಗೆ ಹೋದ ದಿನ ಮಕ್ಕಳು ಬಾಗಿಲ ಮುಂದೆ ನಿಂತು ಹಿಂದಿರುಗುತ್ತಿದ್ದರು. ಇನ್ನೂ ಎರಡು ಬೀಗದ ಕೈ ಮಾಡಿಸೋಣವೆಂದರೆ, ಕಳೆದುಹೋದ ಬೀಗದ ಕೈ ಯಾರ ಕೈಗೆ ಸಿಕ್ಕಿತೆಂದು ಯಾರು ಹೇಳಬಲ್ಲರು? ಆಗ ಬೀಗವನ್ನೇ ಬದಲಾಯಿಸಬೇಕಾಗುತ್ತದೆ. ಅಂಕಿಬೀಗದಲ್ಲಾದರೋ ಪ್ರತಿಯೊಬ್ಬ ಅಧ್ಯಾಪಕರಿಗೂ ಬೇರೆ ಬೇರೆ ಸಂಖ್ಯೆಯನ್ನು ಕೊಡಬಹುದು. ಒಬ್ಬರು ವರ್ಗವಾಗಿ ಹೋದರೆ ಅವರ ಸಂಖ್ಯೆಯೊಂದನ್ನು ಮಾತ್ರ ಅಳಿಸಿದರೆ ಸಾಕು, ಉಳಿದವರಿಗೆ ತೊಂದರೆಯಿಲ್ಲ. ಈ ಗುಣಕ್ಕಾಗಿ ನಾವು ಅದನ್ನು ಕೊಂಡೆವು.

ಮಕ್ಕಳೇ, ಈ ಬೀಗದಲ್ಲಿ ನಾಲ್ಕು ಅಂಗಗಳಿವೆ. ಹೊರಗೋಡೆಯ ಮೇಲೆ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಅಂಕಿಗಳ ಗುಂಡಿಫಲಕ. ಬಾಗಿಲ ದಾರಂದದ ಮೇಲ್ಪಟ್ಟಿಯಲ್ಲಿ ವಿದ್ಯುತ್ಕಾಂತ. ಅದಕ್ಕೆ ಎದುರಾಗಿ ಬಾಗಿಲಿನ ಮೇಲೆ ಕಬ್ಬಿಣದ ಫಲಕ. ಕೊಠಡಿಯ ಒಳಗೆ ಎತ್ತರದಲ್ಲಿ, ಮನೆಯ ಕರೆಂಟನ್ನು 12 ವೋಲ್ಟಿನ ನೇರ ಪ್ರವಾಹವನ್ನಾಗಿ ಮಾಡುವ ಪೆಟ್ಟಿಗೆ. ಆ ಪೆಟ್ಟಿಗೆಯೊಳಗೆ, ಕರೆಂಟು ಹೋದಾಗ ನೆರವಾಗುವ ಬ್ಯಾಟರಿ. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಒಳಗಿನ ಕಬ್ಬಿಣ ಕಾಂತವಾಗುತ್ತದೆಂಬುದನ್ನು ನೀವು ಭೌತವಿಜ್ಞಾನದಲ್ಲಿ ಓದಿದ್ದೀರಿ. ವಿದ್ಯುತ್ತಿಗೂ ಕಾಂತಕ್ಕೂ ಇರುವ ನಂಟನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನ ಸ್ಟರ್ಜನ್ 1825ರಲ್ಲಿ ವಿದ್ಯುತ್ಕಾಂತವನ್ನು ಮಾಡಿ ತೋರಿಸಿದನು. ಇಂದು ನಮ್ಮ ಬಾಗಿಲನ್ನು ಹಿಡಿದಿರುವುದು ಅದೇ ತತ್ತ್ವ. ಅಂಗೈ ಅಗಲವೂ ಇಲ್ಲದ ಆ ಕಾಂತವನ್ನು ಎಳೆದು ಬಿಡಿಸಬೇಕಾದರೆ ಸುಮಾರು 280 ಕಿಲೋಗ್ರಾಂ ಭಾರದಷ್ಟು ಬಲ ಬೇಕು. ವಿದ್ಯುತ್ತು ನಿಂತರೆ ಮಾತ್ರ ಒಂದು ಮಗುವಿನ ಬೆರಳು ಸಾಕು.

ಇಲ್ಲಿ ಒಂದು ಮಾತು. ವಿದ್ಯುತ್ ಬೀಗಗಳಲ್ಲಿ ಎರಡು ಜಾತಿ. ಕರೆಂಟು ಹೋದಾಗ ತಾನಾಗಿಯೇ ತೆರೆದುಕೊಳ್ಳುವುದು ಒಂದು, ಕರೆಂಟು ಹೋದಾಗ ಮುಚ್ಚಿಯೇ ಉಳಿಯುವುದು ಇನ್ನೊಂದು. ವಸ್ತುವೇ ಮುಖ್ಯವಾದ ಕಡೆ ಎರಡನೆಯದನ್ನು ಹಾಕುವುದುಂಟು. ಮಕ್ಕಳು ಕುಳಿತುಕೊಳ್ಳುವ ಕೊಠಡಿಗೆ ಮೊದಲನೆಯದೇ ಬೇಕೆಂದು ನಾವು ನಿಶ್ಚಯಿಸಿದೆವು. ರಾತ್ರಿ ಯಾರೂ ಇಲ್ಲದಿರುವಾಗ ಹೊರಗಿನಿಂದ ಹಳೆಯ ಹಿತ್ತಾಳೆಯ ಬೀಗವನ್ನೂ ಹಾಕುತ್ತೇವೆ. ಆದುದರಿಂದ ಪ್ರಶ್ನೆ ಕೇಳಿದ ಮಹನೀಯರು ಸಮಾಧಾನಪಟ್ಟುಕೊಳ್ಳಬಹುದು, ಅವರ ಬೀಗಕ್ಕೂ ಕೆಲಸ ತಪ್ಪಿಲ್ಲ.

ಜೋಡಣೆಯ ಕೆಲಸಕ್ಕೆ ವಿದ್ಯುತ್ ಕೆಲಸಗಾರರೊಬ್ಬರೂ ಆಚಾರಿಯವರೂ ಬಂದರು. ಮುರಕಲ್ಲಿನ ಗೋಡೆಯಲ್ಲಿ ಮೊಳೆ ನಿಲ್ಲದೆ ಪುಡಿಯುದುರುವುದು ನಮಗೆಲ್ಲ ಗೊತ್ತೇ ಇದೆ. ಅಲ್ಲಿ ಮರದ ಹಲಗೆಯನ್ನು ಕೂರಿಸಿ, ಅದರ ಮೇಲೆ ಗುಂಡಿಫಲಕವನ್ನು ನಿಲ್ಲಿಸಿ, ಮಳೆಯ ಇರಚಲು ಬೀಳದಂತೆ ತಗಡಿನ ಮರೆ ಕಟ್ಟಿದರು. ಬಾಗಿಲಿನ ಕಬ್ಬಿಣದ ಫಲಕವನ್ನು ಆಚಾರಿಯವರು ಬಿಗಿಯಾಗಿ ತಿರುಗಿಸಿ ಕೂರಿಸಿದಾಗ ಕಾಂತದ ಹಿಡಿತ ದುರ್ಬಲವಾಯಿತು. ಕಾರಣವೇನೆಂದರೆ, ಎರಡು ಲೋಹದ ಮುಖಗಳು ಎಳ್ಳಷ್ಟೂ ಸಂದಿಲ್ಲದೆ ಕೂಡಿದಾಗಲೇ ಕಾಂತದ ಪೂರ್ಣ ಬಲ ದೊರೆಯುತ್ತದೆ. ಫಲಕದ ಹಿಂದೆ ರಬ್ಬರಿನ ಬಿಲ್ಲೆಯನ್ನಿಟ್ಟು, ಅದು ತುಸು ಅಲುಗಾಡುವಂತೆ ಸಡಿಲಬಿಟ್ಟಾಗ ತಾನಾಗಿಯೇ ಕಾಂತಕ್ಕೆ ಒಗ್ಗಿಕೊಂಡಿತು.

ಆಮೇಲೆ ತಂತಿಗಳು. ಗುಂಡಿಫಲಕದೊಳಗೆ ರಿಲೇ ಎಂಬ ಪುಟ್ಟ ಸ್ವಿಚ್ಚಿದೆ. ಅದಕ್ಕೆ ಮೂರು ತುದಿ: ಕಾಮ್, ಎನ್.ಸಿ., ಎನ್.ಒ. ಸೂಚನೆಯ ಪುಸ್ತಿಕೆಯಲ್ಲಿ ಕನ್ನಡವಿರಲಿಲ್ಲ. ನಮ್ಮ ಹತ್ತನೆಯ ತರಗತಿಯ ಮಕ್ಕಳು ಅವುಗಳಿಗೆ ‘ಸಮಾನ ತುದಿ’, ‘ಸದಾ ಕೂಡಿದ ತುದಿ’, ‘ಸದಾ ಬಿಟ್ಟ ತುದಿ’ ಎಂದು ಹೆಸರಿಟ್ಟು, ಇಡೀ ಪುಸ್ತಿಕೆಯನ್ನು ಕನ್ನಡದಲ್ಲಿ ಬರೆದು, ಜೋಡಣೆಯ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಎಳೆದರು. ಕಾಂತಕ್ಕೆ ಹೋಗುವ ವಿದ್ಯುತ್ತು ‘ಸದಾ ಕೂಡಿದ ತುದಿ’ಯ ಮೂಲಕ ಹೋಗುತ್ತದೆ. ಸರಿಯಾದ ಸಂಖ್ಯೆಯನ್ನು ಒತ್ತಿದಾಗ ರಿಲೇ ಆ ದಾರಿಯನ್ನು ಐದು ಸೆಕೆಂಡು ಕಡಿಯುತ್ತದೆ, ಬಾಗಿಲು ಬಿಡುತ್ತದೆ. ಹಾಗೆ ಕಡಿದಾಗ ಸುರುಳಿಯಲ್ಲಿ ಸ್ವಪ್ರೇರಣೆಯಿಂದ ಹುಟ್ಟುವ ಎದುರು ವೋಲ್ಟೇಜು ರಿಲೇಯನ್ನು ಸುಡದಿರಲೆಂದು ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು ಹಾಕಿದೆವು. ಅದರ ಪಟ್ಟೆಯಿರುವ ಕೊನೆ ಧನಾಗ್ರದ ಕಡೆಗಿರಬೇಕು. ಕಾಂತಕ್ಕೆ ಬೇಕಾದುದು ಸುಮಾರು ಅರ್ಧ ಆಂಪಿಯರ್. ಬ್ಯಾಟರಿ 7 ಆಂಪಿಯರ್-ಗಂಟೆಯದು. ಭಾಗಿಸಿ ನೋಡಿದರೆ 14 ಗಂಟೆ ಬರುತ್ತದೆ, ಬಳಕೆಯಲ್ಲಿ ಅದಕ್ಕಿಂತ ಕಡಮೆ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿ ನಾವೆಲ್ಲರೂ ಸಂತೋಷಪಟ್ಟೆವು. ಅದೇ ಬ್ಯಾಟರಿ ಮುಂದೆ ನಮಗೆ ಭಯ ಹುಟ್ಟಿಸೀತೆಂದು ಯಾರಿಗೂ ಹೊಳೆಯಲಿಲ್ಲ.

ಕೊಠಡಿಯಿಂದ ಹೊರಬರಲು ಒಳಗೋಡೆಯಲ್ಲಿ ಒಂದು ಗುಂಡಿಯನ್ನಿಟ್ಟಿದ್ದೆವು. ಅದನ್ನು ಒತ್ತಿದರೆ ಹೊರಗಿನ ಯಂತ್ರಕ್ಕೆ ಸುದ್ದಿ ಹೋಗಿ, ಯಂತ್ರವು ಬಾಗಿಲನ್ನು ಬಿಡುತ್ತಿತ್ತು. ಒಂದು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಅಕ್ಟೋಬರ್ ತಿಂಗಳ ಒಂದು ಸಂಜೆ, ನಮ್ಮ ಊರಿನ ಪದ್ಧತಿಯಂತೆ, ಗುಡುಗು ಸಿಡಿಲುಗಳೊಡನೆ ಮಳೆ ಬಂತು. ಒಳಗೆ ಒಬ್ಬ ಅಧ್ಯಾಪಿಕೆಯೂ ನಾಲ್ವರು ವಿದ್ಯಾರ್ಥಿನಿಯರೂ ಇದ್ದರು. ಸಿಡಿಲಿನ ಹೊಡೆತಕ್ಕೆ ಕರೆಂಟು ಹೋಯಿತು, ಗುಂಡಿಫಲಕವೂ ಕೆಟ್ಟುಹೋಯಿತು. ಅವರು ಒಳಗಿನ ಗುಂಡಿಯನ್ನು ಒತ್ತಿದರು, ಬಾಗಿಲು ತೆರೆಯಲಿಲ್ಲ. ನಾವು ಹೊರಗಿನಿಂದ ಸಂಖ್ಯೆಯನ್ನು ಒತ್ತಿದೆವು, ದೀಪ ಹತ್ತಲಿಲ್ಲ. “ಮೈನ್ ಸ್ವಿಚ್ಚು ತೆಗೆಯಿರಿ” ಎಂದೆವು. ತೆಗೆದರೂ ಬಾಗಿಲು ಬಿಡಲಿಲ್ಲ.

ಆ ಕ್ಷಣದಲ್ಲಿ ನಮ್ಮ ತಪ್ಪು ನಮಗೆ ತಿಳಿಯಿತು. ಯಂತ್ರ ಸತ್ತಾಗ ರಿಲೇ ವಿಶ್ರಾಂತಿಯ ಸ್ಥಿತಿಯಲ್ಲಿರುತ್ತದೆ, ‘ಸದಾ ಕೂಡಿದ ತುದಿ’ ಕೂಡಿಯೇ ಇರುತ್ತದೆ. ಮನೆಯ ಕರೆಂಟು ಹೋದರೂ ಬ್ಯಾಟರಿಯು ಸ್ವಾಮಿಭಕ್ತ ಸೇವಕನಂತೆ ಕಾಂತಕ್ಕೆ ವಿದ್ಯುತ್ತನ್ನು ಉಣಿಸುತ್ತಲೇ ಇತ್ತು. ಕರೆಂಟು ಹೋದರೆ ತೆರೆಯುವ ಬೀಗವನ್ನು ಕೊಂಡು, ಕರೆಂಟು ಹೋಗದಂತೆ ನಾವೇ ಕಾವಲು ಹಾಕಿದ್ದೆವು. ಒಳಗಿನ ಗುಂಡಿಯೋ, ಸತ್ತ ಯಂತ್ರದ ಅಪ್ಪಣೆಯನ್ನು ಕೇಳುತ್ತಿತ್ತು.

ಕಿಟಕಿಗೆ ಸರಳುಗಳಿದ್ದವು. ಕಿರಿಯ ಹುಡುಗಿಯೊಬ್ಬಳು ಅಳತೊಡಗಿದಳು. ಆಗ ನಕ್ಷೆಯನ್ನೆಳೆದ ಹತ್ತನೆಯ ತರಗತಿಯ ಹುಡುಗಿಯೇ ಒಳಗಿನಿಂದ ಕೂಗಿ ಹೇಳಿದಳು: “ಸರ್, ಬ್ಯಾಟರಿಯ ತಂತಿ ತೆಗೆದರೆ ಕಾಂತ ಬಿಡುತ್ತದೆ. ಪೆಟ್ಟಿಗೆ ನಮ್ಮ ಕಡೆಯೇ ಇದೆ.” ಬೆಂಚಿನ ಮೇಲೆ ಮೇಜನ್ನಿಡುವುದು ಬೇಡ, ಮೇಜಿನ ಮೇಲೆ ಅಧ್ಯಾಪಿಕೆಯವರೇ ಹತ್ತಲಿ ಎಂದು ನಾವು ಹೇಳಿದೆವು. ಅವಳು ಕೆಳಗೆ ನಿಂತು, ಯಾವ ತಂತಿಯೆಂಬುದನ್ನು ಹೇಳಿಕೊಟ್ಟಳು. ಮುಚ್ಚಳದ ತಿರುಪುಗಳನ್ನು ಸೆಳೆಖಾನೆಯಲ್ಲಿದ್ದ ಸ್ಕ್ರೂಡ್ರೈವರಿನಿಂದ ಬಿಚ್ಚಿ ತಂತಿಯನ್ನು ಎಳೆದೊಡನೆ ಟಕ್ಕೆಂದು ಬಾಗಿಲು ಬಿಟ್ಟಿತು. ಎಲ್ಲವೂ ಸೇರಿ ಹತ್ತು ನಿಮಿಷವಾಗಿರಬೇಕು. ನಮ್ಮ ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ಅಷ್ಟು ದೀರ್ಘವಾದ ಹತ್ತು ನಿಮಿಷಗಳನ್ನು ನಾವು ಕಂಡಿಲ್ಲ.

ಮಹನೀಯರೇ, ಅಂದು ಇದ್ದುದು ಮಳೆ. ಬೆಂಕಿಯಾಗಿದ್ದರೆ? 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು, ಇಕ್ಕಟ್ಟಾದ ಕಟ್ಟಡದಿಂದ ಹೊರಬರಲಾರದೆ 94 ಮಕ್ಕಳು ತೀರಿಕೊಂಡರು. ಆ ದುರಂತದ ಬಳಿಕ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಶಾಲೆಗಳ ಅಗ್ನಿಸುರಕ್ಷೆಯ ಬಗೆಗೆ ಆಜ್ಞೆಗಳನ್ನು ಹೊರಡಿಸಿತು. ಆ ವಿಷಯವನ್ನು ಓದಿಯೂ ನಾವು ಕಳ್ಳನನ್ನು ಕುರಿತು ಯೋಚಿಸಿದಷ್ಟು ಮಗುವನ್ನು ಕುರಿತು ಯೋಚಿಸಿರಲಿಲ್ಲ. ಕೆಲಸಗಾರರ ತಪ್ಪು ಇದಲ್ಲ. ಅವರು ನಾವು ಹೇಳಿದಂತೆ ಮಾಡಿದರು. ಕೇಳಬೇಕಾದ ಪ್ರಶ್ನೆಯನ್ನು ಕೇಳದವರು ನಾವು.

ಮರುದಿನವೇ ಜೋಡಣೆಯನ್ನು ತಿದ್ದಿದೆವು. ಈಗ ಬಾಗಿಲ ಒಳಬದಿಯಲ್ಲಿ ಕಾಂತದ ತಂತಿಯನ್ನೇ ನೇರವಾಗಿ ಕಡಿಯುವ ಹಸಿರು ಪೆಟ್ಟಿಗೆಯಿದೆ. ಅದು ಯಂತ್ರವನ್ನೂ ಬ್ಯಾಟರಿಯನ್ನೂ ಯಾರನ್ನೂ ಕೇಳುವುದಿಲ್ಲ. ಮೂರನೆಯ ತರಗತಿಯ ಮಗುವಿಗೂ ಎಟಕುವಷ್ಟು ಕೆಳಗಿದೆ. ಅಂತಹುದೇ ಇನ್ನೊಂದು ಸ್ವಿಚ್ಚು ಕಛೇರಿಯಲ್ಲಿದೆ. ಪ್ರತಿ ತಿಂಗಳ ಮೊದಲನೆಯ ಸೋಮವಾರ ಮಕ್ಕಳೇ ಅದನ್ನು ಒತ್ತಿ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಖರ್ಚಿನ ಪಟ್ಟಿಯ ಸಾಲು ಸ್ವಲ್ಪ ದೊಡ್ಡದಾದುದು ಇದರಿಂದಲೇ.

ಇನ್ನು ಗುಟ್ಟಿನ ಸಂಖ್ಯೆಯ ಮಾತು. ಯಂತ್ರವು ಕಾರ್ಖಾನೆಯಿಂದ ಬರುವಾಗ ಅದರಲ್ಲಿ 123456 ಎಂಬಂತಹ ಪ್ರಧಾನ ಸಂಖ್ಯೆಯಿರುತ್ತದೆ. ಅದು ಪುಸ್ತಿಕೆಯಲ್ಲಿಯೂ ಅಚ್ಚಾಗಿರುತ್ತದೆ. ಅದನ್ನು ಬದಲಾಯಿಸದೆ ಬಿಡುವುದೆಂದರೆ ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟು ಹೋದಂತೆ. ಮೊದಲ ದಿನವೇ ಅದನ್ನು ಬದಲಾಯಿಸಿ, ಹೊಸತನ್ನು ಬರೆದು ಲಕೋಟೆಯಲ್ಲಿ ಮುಚ್ಚಿ ಸಂಘದ ಕಪಾಟಿನಲ್ಲಿಟ್ಟಿದ್ದೇವೆ. ನಾಲ್ಕು ಅಂಕಿಗಳ ಸಂಖ್ಯೆಗಳು ಒಟ್ಟು 10,000. ಒಂದೊಂದಕ್ಕೆ ಐದು ಸೆಕೆಂಡಿನಂತೆ ಒತ್ತುತ್ತಾ ಹೋದರೆ ಸುಮಾರು 14 ಗಂಟೆಗಳಲ್ಲಿ ಎಲ್ಲವೂ ಮುಗಿಯುತ್ತವೆ. ಆದುದರಿಂದ ಹತ್ತು ಸಲ ತಪ್ಪಿದರೆ ಹತ್ತು ನಿಮಿಷ ಸುಮ್ಮನಾಗುವಂತೆ ಯಂತ್ರಕ್ಕೆ ಹೇಳಿದ್ದೇವೆ. ಆಗ ಅದೇ ಕೆಲಸಕ್ಕೆ ಏಳು ದಿನಗಳಿಗೂ ಹೆಚ್ಚು ಬೇಕು. ಇನ್ನೊಂದು ಲೆಕ್ಕವನ್ನು ಮಕ್ಕಳು ತಾವೇ ಮಾಡಿ ನೋಡಲಿ: ಒಂದೇ ಸಂಖ್ಯೆಯನ್ನು ವರ್ಷಗಟ್ಟಲೆ ಒತ್ತಿ ನಾಲ್ಕು ಗುಂಡಿಗಳು ಮಾತ್ರ ಸವೆದಿದ್ದರೆ, ಕಳ್ಳನಿಗೆ 10,000 ಬೇಡ, 24 ಪ್ರಯತ್ನ ಸಾಕು. ಸಂಖ್ಯೆಗಳನ್ನು ಆಗಾಗ ಬದಲಿಸುವುದೂ ಗುಂಡಿಗಳನ್ನು ಒರಸುವುದೂ ಇದಕ್ಕಾಗಿ.

ಎಷ್ಟು ಎಚ್ಚರವಿದ್ದರೂ ಒಂದು ತಿಂಗಳಲ್ಲಿ ಒಂದು ಸಂಖ್ಯೆ ಎಂಟನೆಯ ತರಗತಿಯವರಿಗೆಲ್ಲ ಗೊತ್ತಾಗಿತ್ತು. ಕದ್ದವರಿಲ್ಲ. ಸಂಖ್ಯೆಯನ್ನು ನೋಡಿಕೊಂಡ ಬಾಲಕನೊಬ್ಬ ಗೆಳೆಯನಿಗೆ ಪ್ರೀತಿಯಿಂದ ಹೇಳಿದ್ದ. ಅವನನ್ನು ನಾವು ದಂಡಿಸಲಿಲ್ಲ. “ಬುತ್ತಿಯನ್ನು ಹಂಚಿಕೊಂಡರೆ ಸ್ನೇಹ ಬೆಳೆಯುತ್ತದೆ, ಗುಟ್ಟಿನ ಸಂಖ್ಯೆಯನ್ನು ಹಂಚಿಕೊಂಡರೆ ಗೆಳೆಯನ ತಲೆಯ ಮೇಲೆ ಸಂದೇಹದ ಹೊರೆಯನ್ನಿಟ್ಟಂತೆ” ಎಂದು ತಿಳಿಸಿದೆವು. ಪೋಷಕರಲ್ಲಿಯೂ ನಮ್ಮ ವಿನಂತಿ ಇದೇ. ಬ್ಯಾಂಕಿನ ಕಾರ್ಡಿನ ಸಂಖ್ಯೆಯನ್ನು ಕಾರ್ಡಿನ ಹಿಂದೆಯೇ ಬರೆದಿಡಬೇಡಿ. ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು, ಕೇಳುವವರು ಎಷ್ಟೇ ಸವಿಯಾಗಿ ಮಾತನಾಡಿದರೂ, ಹೇಳಬೇಡಿ.

ಕೊನೆಯದಾಗಿ ಒಂದು ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಂದಿನವರೆಗೂ, ‘ಕನ್ನಡದಲ್ಲಿ ಓದಿದರೆ ಮಕ್ಕಳಿಗೆ ಮುಂದೇನು?’ ಎಂಬ ಪ್ರಶ್ನೆ ಮನೆಮನೆಗಳಲ್ಲಿ ಏಳುತ್ತಲೇ ಇದೆ. ಅದಕ್ಕೆ ಪೂರ್ತಿಯಾದ ಉತ್ತರ ನಮ್ಮಲ್ಲಿದೆಯೆಂದು ನಾವು ಹೇಳುವುದಿಲ್ಲ. ಆ ಮಳೆಯ ಸಂಜೆ ಕಂಡುದನ್ನಷ್ಟೇ ಹೇಳುತ್ತೇವೆ. ಬಿ.ಎ., ಬಿ.ಎಡ್. ಓದಿದ ನಾವು ಹೊರಗೆ ಗಾಬರಿಯಿಂದ ನಿಂತಿದ್ದಾಗ, ತನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡು ತನ್ನ ಕೈಯಿಂದಲೇ ನಕ್ಷೆಯನ್ನೆಳೆದ ಹುಡುಗಿ ಕತ್ತಲೆಯಲ್ಲಿ ಅದನ್ನು ನೆನಪಿಸಿಕೊಂಡಳು. ಬಾಯಿಪಾಠ ಮಾಡಿದ್ದರೆ ಅಷ್ಟು ಭಯದಲ್ಲಿ ಅದು ನೆನಪಿಗೆ ಬರುತ್ತಿತ್ತೇ ಎಂಬುದನ್ನು ತಾವೇ ಯೋಚಿಸಿರಿ.

ಸಭೆ ಮುಗಿದ ಮೇಲೆ ಆ ಕೊಠಡಿಯ ಬಾಗಿಲು ತಮ್ಮೆಲ್ಲರಿಗೂ ತೆರೆದಿರುತ್ತದೆ. ದಯಮಾಡಿ ಒಳಗೆ ಹೋಗಿ, ಬಾಗಿಲನ್ನು ಮುಚ್ಚಿಕೊಂಡು, ಹಸಿರು ಪೆಟ್ಟಿಗೆಯನ್ನು ಒತ್ತಿ ಹೊರಗೆ ಬನ್ನಿರಿ. ತಮ್ಮ ಮಕ್ಕಳ ಕೈಯಿಂದಲೂ ಒತ್ತಿಸಿರಿ. ಹೊರಗಿನವನನ್ನು ಬೀಗ ಎಷ್ಟು ಪ್ರಶ್ನೆ ಬೇಕಾದರೂ ಕೇಳಲಿ, ಒಳಗಿರುವ ಮಗುವನ್ನು ಒಂದು ಪ್ರಶ್ನೆಯನ್ನೂ ಕೇಳಬಾರದು. ಈ ಶಾಲೆಯ ಯಾವ ಬಾಗಿಲಿನಲ್ಲಾದರೂ ಈ ಮಾತು ತಪ್ಪಿದುದು ಕಂಡರೆ, ಅಂದೇ ನಮ್ಮ ಕಛೇರಿಗೆ ಬಂದು ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.