ಅವಳೂ ಎಂಟನೇ ತರಗತಿಯವಳೇ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಂಥ ದಿನ ಹಳೆಯ ನೆನಪುಗಳನ್ನು ಹೇಳಬೇಕು. ನನಗಿಂತ ಮುಂಚೆ ಮಾತನಾಡಿದವರು ಆ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ. ಇದೇ ಶಾಲೆಯಲ್ಲಿ ಓದಿದ ನಾನು ಈಗ ಬಿ.ಆರ್.ಸಿ.ಯಲ್ಲಿ ಬಿ.ಐ.ಇ.ಆರ್.ಟಿ. ಆಗಿದ್ದೇನೆ. ಎಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಓಡಾಡುವ ಶಿಕ್ಷಕಿ. ಈ ಕೆಲಸದಲ್ಲಿ ನನ್ನನ್ನು ದಿನವೂ ಕಾಡುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಈ ಮಕ್ಕಳಿಗೆ ವರ್ಷದ ಗುರಿಯನ್ನು ಯಾವ ತರಗತಿಯ ಪುಸ್ತಕದಿಂದ ತೆಗೆಯಬೇಕು?

ಪ್ರತಿ ಮಗುವಿಗೂ ನಾವು ಒಂದು ಯೋಜನೆ ಬರೆಯುತ್ತೇವೆ. ಮಗು ಈಗ ಎಲ್ಲಿದೆ, ವರ್ಷದ ಕೊನೆಗೆ ಎಲ್ಲಿಗೆ ಬರಬೇಕು, ಅದಕ್ಕೆ ಯಾರು ಏನು ಸಹಾಯ ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಇಲಾಖೆಯ ಮಾತಿನಲ್ಲಿ ಅದು ಐ.ಇ.ಪಿ. ಅದನ್ನು ಬರೆಯುವಾಗ ಎಂಟನೇ ತರಗತಿಯ ಮಗುವಿಗೆ 'ವರ್ಣಮಾಲೆ ಗುರುತಿಸುವುದು, ಇಪ್ಪತ್ತರವರೆಗೆ ಎಣಿಸುವುದು' ಎಂದು ಬರೆದುಬಿಡುವ ರೂಢಿ ಬಹಳ ಕಡೆ ಇದೆ. ಒಂಬತ್ತನೇ ತರಗತಿಗೆ ಬಂದಾಗಲೂ ಅದೇ ಸಾಲು, ತಾರೀಖು ಮಾತ್ರ ಹೊಸದು. ಉಳಿದ ಮಕ್ಕಳು ಪಾಠ ಕೇಳುವಾಗ ಇವಳು ಹಿಂದಿನ ಬೆಂಚಿನಲ್ಲಿ ಕಾಪಿ ಪುಸ್ತಕ ತಿದ್ದುತ್ತಾ ಕೂತಿರುತ್ತಾಳೆ. ಹಾಜರಿ ಇದೆ, ತರಗತಿಯಲ್ಲಿ ಪಾಲಿಲ್ಲ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಗೊಂದಲ ಹುಟ್ಟುವುದೇ ಇಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಹಳೆಯ 1995ರ ಕಾಯ್ದೆಯಲ್ಲಿ ಏಳೇ ಇದ್ದವು. ಈ 21ರಲ್ಲಿ ಹೆಚ್ಚಿನವುಗಳಿಗೆ ಗುರಿಯನ್ನು ಇಳಿಸುವ ಅಗತ್ಯವೇ ಇಲ್ಲ. ದೃಷ್ಟಿ ಮಂದವಿರುವ ಹುಡುಗನಿಗೆ ದೊಡ್ಡ ಅಕ್ಷರದ ಪುಸ್ತಕ ಬೇಕು, ಪಾಠ ಅದೇ. ನಡೆಯಲಾಗದ ಮಗುವಿಗೆ ಇಳಿಜಾರು ದಾರಿ ಬೇಕು, ಪಾಠ ಅದೇ. ಡಿಸ್ಲೆಕ್ಸಿಯಾ ಇರುವ ಮಗು ಓದುವಾಗ ತಡವರಿಸುತ್ತದೆ. ಅದೇ ಪಾಠವನ್ನು ಯಾರಾದರೂ ಓದಿ ಹೇಳಿದರೆ, ಜೀವಕೋಶದ ಬಗ್ಗೆ ನಿಮ್ಮ ಮೊದಲನೇ ರ‍್ಯಾಂಕಿನ ಹುಡುಗನಷ್ಟೇ ಸರಿಯಾಗಿ ಬಾಯಲ್ಲಿ ಉತ್ತರ ಹೇಳಬಹುದು. ಓದಲು ಬರುವುದಿಲ್ಲವೆಂದು ಅವನ ವಿಜ್ಞಾನವನ್ನೂ ಮೂರನೇ ತರಗತಿಗೆ ಇಳಿಸಿದರೆ ಅವನಿಗೆ ಎರಡು ಸಲ ನಷ್ಟ.

ಗುರಿಯನ್ನು ಕಿರಿದು ಮಾಡಬೇಕಾಗುವುದು ಮುಖ್ಯವಾಗಿ ಬೌದ್ಧಿಕ ನ್ಯೂನತೆ ಇರುವ ಮಕ್ಕಳಿಗೆ. ಆಗಲೂ ಪುಸ್ತಕ ಎಂಟನೇ ತರಗತಿಯದ್ದೇ ಇರಲಿ, ಪಾಠದ ತಿರುಳನ್ನು ಮಾತ್ರ ತೆಗೆದುಕೊಳ್ಳಿ ಎನ್ನುವುದು ನನ್ನ ವಾದ. ಎಂಟನೇ ತರಗತಿಯ ಗಣಿತದಲ್ಲಿ ಶೇಕಡಾ, ಬಡ್ಡಿ ಬರುತ್ತವೆ. ಉಳಿದವರು ಚಕ್ರಬಡ್ಡಿಯ ಸೂತ್ರ ಹಾಕಿ ಲೆಕ್ಕ ಮಾಡಲಿ. ನಮ್ಮ ಹುಡುಗಿಯ ಗುರಿ ಹೀಗಿರಲಿ: 'ದಸರಾ ರಜೆಯೊಳಗೆ, ಆಟದ ನೋಟುಗಳನ್ನು ಮುಂದಿಟ್ಟರೆ, ನೂರು, ಇನ್ನೂರು, ಐನೂರು ರೂಪಾಯಿ ಸಾಲಕ್ಕೆ ನೂರಕ್ಕೆ ಎರಡರಂತೆ ಎಷ್ಟು ಬಡ್ಡಿಯಾಗುತ್ತದೆ ಎಂದು ಹತ್ತು ಲೆಕ್ಕಗಳಲ್ಲಿ ಏಳನ್ನು ತಾನಾಗಿ ಹೇಳುವಳು.' ಅವಳ ತಾಯಿ ಸ್ತ್ರೀಶಕ್ತಿ ಸಂಘದ ಸದಸ್ಯೆ. ಮನೆಯಲ್ಲಿ ಪಾಸ್‌ಬುಕ್ ಇದೆ. ಡೇರಿಯ ಚೀಟಿ ಇದೆ, ಅದರಲ್ಲಿ ಫ್ಯಾಟ್ 4.1 ಎಂದು ದಶಮಾಂಶವೂ ಇದೆ. ಸಾಮಗ್ರಿಗೆ ಪೇಟೆಗೆ ಹೋಗಬೇಕಾಗಿಲ್ಲ.

ಆ ವಾಕ್ಯವನ್ನು ಇನ್ನೊಮ್ಮೆ ಗಮನಿಸಿ. ಯಾವಾಗ, ಏನು ಸಹಾಯ ಕೊಟ್ಟು, ಏನು, ಎಷ್ಟು ಸರಿ, ನಾಲ್ಕೂ ಇವೆ. 'ಗಣಿತದಲ್ಲಿ ಸುಧಾರಿಸುವಳು' ಎಂದು ಬರೆದರೆ ಮಾರ್ಚ್‌ನಲ್ಲಿ ಯಾರೂ ಅದನ್ನು ಪರೀಕ್ಷಿಸಲಾರರು. ಪರೀಕ್ಷಿಸದಿದ್ದರೆ ಮುಂದಿನ ವರ್ಷವೂ ಅದೇ ಸಾಲು.

ಅಕ್ಷರ ಕಲಿಸುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ಸಮಯ ಕೊಡಿ, ದಿನಕ್ಕೆ ಇಪ್ಪತ್ತು ನಿಮಿಷ. ಆದರೆ ಅಕ್ಷರ ಪೂರ್ತಿ ಬರುವವರೆಗೆ ಬಡ್ಡಿ, ಮತದಾನ, ರಕ್ತಹೀನತೆ ಇವೆಲ್ಲ ಕಾಯಬೇಕು ಎಂದರೆ ಆ ಹುಡುಗಿಗೆ ಹದಿನೆಂಟು ತುಂಬಿರುತ್ತದೆ.

ಈ ಯೋಜನೆ ಎಂಬ ಪದ್ಧತಿಗೆ ಹೆಸರು ಬಂದದ್ದು ಅಮೆರಿಕದ 1975ರ ಕಾಯ್ದೆಯಿಂದ. ಅಲ್ಲೂ ಕೆಳಗಿನ ಗುರಿ ಬರೆದು ಮುಗಿಸುವ ಚಾಳಿ ಇದ್ದುದರಿಂದ, 2015ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಪತ್ರ ಬರೆದು, ಮಗು ಯಾವ ತರಗತಿಯಲ್ಲಿ ದಾಖಲಾಗಿದೆಯೋ ಆ ತರಗತಿಯ ಕಲಿಕೆಗೆ ಗುರಿ ಹೊಂದಿಕೊಂಡಿರಬೇಕು ಎಂದು ತಿಳಿಸಬೇಕಾಯಿತು. ನಮ್ಮಲ್ಲಿ ಎನ್.ಸಿ.ಇ.ಆರ್.ಟಿ. 2017ರಲ್ಲಿ ಪ್ರಾಥಮಿಕ ಹಂತದ ಕಲಿಕಾ ಫಲಗಳನ್ನು ಪ್ರಕಟಿಸಿದಾಗ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಬೇರೆ ಪಟ್ಟಿ ಮಾಡಲಿಲ್ಲ. ಅವೇ ಫಲಗಳು, ತಲುಪಿಸುವ ದಾರಿಗೆ ಸೂಚನೆಗಳು.

ನಮ್ಮ ಶಿಕ್ಷಕರ ಕಷ್ಟ ನನಗೆ ಗೊತ್ತು. ತರಗತಿಯಲ್ಲಿ ಐವತ್ತು ಮಕ್ಕಳು, ಪಠ್ಯ ಮುಗಿಸುವ ಆತುರ, ಜೊತೆಗೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು. ಎಲ್ಲ ಪಾಠಕ್ಕೂ ಗುರಿ ಬರೆಯಿರಿ ಎಂದು ನಾನು ಕೇಳುವುದಿಲ್ಲ. ಅವಧಿಗೆ ಒಂದು ವಿಷಯದಲ್ಲಿ ನಾಲ್ಕು ಸಾಕು. ಬರೆಯಲು ನಾನು ಜೊತೆಗೆ ಕೂರುತ್ತೇನೆ. ಆದರೆ ಫಲಿತಾಂಶ ಕೆಡುತ್ತದೆಂದು ಒಂಬತ್ತನೇ ತರಗತಿಯಲ್ಲೇ ಇಂಥ ಮಗುವನ್ನು 'ಮನೆಯಲ್ಲಿರಲಿ ಬಿಡಿ' ಎನ್ನುವ ಮಾತು ಕೆಲವು ಕಡೆ ಕೇಳುತ್ತೇನೆ. ಅದನ್ನು ಒಪ್ಪಲಾರೆ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ, ಇವೆಲ್ಲ 2016ರ ಕಾಯ್ದೆಯಲ್ಲೇ ಹೆಸರಿಸಿ ಬರೆದ ಸೌಲಭ್ಯಗಳು. ಯಾರ ದಯೆಯೂ ಅಲ್ಲ.

'ಮೇಡಂ, ನಮ್ಮ ಹುಡುಗಿ ಹತ್ತನೇ ಕ್ಲಾಸು ಪಾಸಾಗ್ತಾಳಾ?' ಎಂದು ತಾಯಂದಿರು ಕೇಳುತ್ತಾರೆ. ಕೆಲವರಿಗೆ ಹೌದು ಎನ್ನುತ್ತೇನೆ. ಕೆಲವರಿಗೆ ಹಾಗೆ ಹೇಳಲಾಗುವುದಿಲ್ಲ. ಅವರಿಗೆ ಯೋಜನೆಯ ಪುಟ ತೆರೆದು, ಈ ವರ್ಷ ಅವಳು ಇದು ಕಲಿಯುತ್ತಾಳಮ್ಮ, ದಸರಾಗೆ ಬಂದು ನೀವೇ ಕೇಳಿ ನೋಡಿ ಎನ್ನುತ್ತೇನೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಪುಟಕ್ಕೆ ಪೋಷಕರ ಸಹಿ ಬೇಕು. ದಯವಿಟ್ಟು ಓದಿಸಿಕೊಂಡು ಸಹಿ ಹಾಕಿ. ಅದರಲ್ಲಿ ವರ್ಣಮಾಲೆ ಮಾತ್ರ ಇದ್ದರೆ, ಎಂಟನೇ ತರಗತಿಯ ಪಾಠ ಎಲ್ಲಿ ಎಂದು ಮೇಷ್ಟ್ರನ್ನು ಕೇಳಿ, ನನ್ನನ್ನೂ ಕೇಳಿ. ಹಳೆಯ ವಿದ್ಯಾರ್ಥಿ ಸಂಘದವರು ಸುವರ್ಣ ಮಹೋತ್ಸವದ ನಿಧಿಯಿಂದ ಏನು ಕೊಡಿಸೋಣ ಎಂದು ಕೇಳಿದ್ದೀರಿ. ದೊಡ್ಡ ಅಕ್ಷರದ ಪ್ರತಿ ತೆಗೆಯಲು ಒಂದು ಜೆರಾಕ್ಸ್ ಯಂತ್ರ, ಎಂಟನೇ ತರಗತಿಯ ಕೊಠಡಿಗೆ ಒಂದು ಇಳಿಜಾರು ದಾರಿ. ಇಷ್ಟಾದರೆ ಬರುವ ಜೂನ್‌ನಲ್ಲೇ ಕೆಲಸ ಶುರು ಮಾಡಬಹುದು.