ಹಳೆಯ ಟ್ರ್ಯಾಕ್ಟರುಗಳ ಬ್ರೇಕುಗಳನ್ನು ಸರಿಪಡಿಸಿ ಹೊಂದಿಸುವ ಕ್ರಮ



ಇಂಡಿಯಾ ದೇಶದಲ್ಲಿ ಟ್ರ್ಯಾಕ್ಟರುಗಳನ್ನು ತಯಾರಿಸುವ ಕೆಲಸವು 1959ನೆಯ ಇಸವಿಯಲ್ಲಿ ಐಷರ್ ಕಂಪೆನಿಯಿಂದ ಮೊದಲಾಯಿತು. 1960ರಲ್ಲಿ ಮದರಾಸಿನಲ್ಲಿ ಟಾಫೆ ಕಂಪೆನಿಯು ಸ್ಥಾಪಿತವಾಗಿ ಮ್ಯಾಸಿ ಫರ್ಗ್ಯೂಸನ್ ಮಾದರಿಯ ಯಂತ್ರಗಳನ್ನು ತಯಾರಿಸತೊಡಗಿತು. ಅದೇ ದಶಕದಲ್ಲಿ ಮಹೀಂದ್ರ ಕಂಪೆನಿಯವರ ಬಿ-275 ಎಂಬ ಯಂತ್ರವೂ ಬಂದಿತು. ಇಂಥ ಹಳೆಯ ಮಾದರಿಯ ಯಂತ್ರಗಳು ಕೈಯಿಂದ ಕೈಗೆ ಮಾರಾಟವಾಗುತ್ತಾ ಇಂದಿಗೂ ಖುಷ್ಕಿ ಭೂಮಿಗಳಲ್ಲಿ ದುಡಿಯುವುದುಂಟು. ಇವುಗಳನ್ನು ಕೊಳ್ಳುವ ರೈತನು ಇಂಜಿನ್ನಿನ ಶಬ್ದವನ್ನು ಕೇಳುತ್ತಾನೆ, ಹೊಗೆಯ ಬಣ್ಣವನ್ನು ನೋಡುತ್ತಾನೆ, ಟೈರುಗಳನ್ನು ತಟ್ಟಿ ನೋಡುತ್ತಾನೆ. ಬ್ರೇಕನ್ನು ಮಾತ್ರ ಕೊನೆಗೆ ವಿಚಾರಿಸುತ್ತಾನೆ, ಇಲ್ಲವೆ ವಿಚಾರಿಸುವುದೇ ಇಲ್ಲ.

ಇದಕ್ಕೆ ಕಾರಣವುಂಟು. ಹೊಲದಲ್ಲಿ ಬ್ರೇಕು ಕೆಟ್ಟಿರುವುದು ತಿಳಿಯುವುದಿಲ್ಲ. ನೇಗಿಲು ಮಣ್ಣಿನೊಳಗಿರುವಾಗ ಕ್ಲಚ್ಚನ್ನು ಒತ್ತಿದ ಕ್ಷಣವೇ ಯಂತ್ರವು ನಿಂತುಬಿಡುತ್ತದೆ. ಆಗ ನೇಗಿಲೇ ಬ್ರೇಕು. ಉಳುಮೆಯ ಕಾಲವೆಲ್ಲ ಹೀಗೆ ಕಳೆದು, ಸುಗ್ಗಿಯಲ್ಲಿ ಮುಸುಕಿನ ಜೋಳದ ತೆನೆಯನ್ನೋ ಕಬ್ಬನ್ನೋ ತುಂಬಿದ ಟ್ರೈಲರನ್ನು ಕಟ್ಟಿ, ಕೆರೆಯ ಏರಿಯ ಮೇಲಿಂದ ಇಳಿಯುವಾಗ ನ್ಯೂನತೆಯು ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಅದು ಕಾಣಿಸಿಕೊಳ್ಳಬಾರದ ಜಾಗವೆಂದು ಬೇರೆ ಹೇಳಬೇಕಾಗಿಲ್ಲ. ಎತ್ತಿನ ಗಾಡಿಯು ಇಳಿಜಾರಿಗೆ ಬಂದರೆ ಎತ್ತುಗಳು ತಾವಾಗಿಯೇ ಕಾಲೂರಿ ನೊಗವನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತವೆ. ಯಂತ್ರಕ್ಕೆ ಆ ಬುದ್ಧಿಯಿಲ್ಲ.

ಈ ಟ್ರ್ಯಾಕ್ಟರುಗಳಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕು ಇರುತ್ತದೆ. ಟ್ರೈಲರುಗಳಿಗೆ ಸಾಮಾನ್ಯವಾಗಿ ಬ್ರೇಕೇ ಇರುವುದಿಲ್ಲ. ತುಂಬಿದ ಟ್ರೈಲರು ಟ್ರ್ಯಾಕ್ಟರಿಗಿಂತ ಎಷ್ಟೋ ಹೆಚ್ಚು ಭಾರವಾಗಿರುವುದರಿಂದ ಇಳಿಜಾರಿನಲ್ಲಿ ಅದೇ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ಗಂಟೆಗೆ 10 ಕಿಲೋಮೀಟರು ವೇಗವನ್ನು 20ಕ್ಕೆ ಏರಿಸಿದರೆ, ನಿಲ್ಲಿಸಲು ಬ್ರೇಕು ತಡೆಯಬೇಕಾದ ಶಕ್ತಿಯು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಆದಕಾರಣ ದಿಬ್ಬವನ್ನು ಯಾವ ಗೇರಿನಲ್ಲಿ ಹತ್ತಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯತಕ್ಕದ್ದು. ಡೀಸಲು ಉಳಿಯುವುದೆಂದು ಗೇರನ್ನು ಬಿಡಿಸಿ ಇಳಿಸುವ ಪದ್ಧತಿಯು ಕೆಲವರಲ್ಲಿದೆ. ಇದಕ್ಕಿಂತ ದುಬಾರಿಯಾದ ಉಳಿತಾಯ ಮತ್ತೊಂದಿಲ್ಲ.

ಇನ್ನು ಎರಡು ಪೆಡಲುಗಳ ವಿಚಾರ. ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬೇರೆ ಬೇರೆ ಪೆಡಲನ್ನಿಟ್ಟಿರುವುದು ಹೊಲದ ಕೊನೆಯಲ್ಲಿ ಇಕ್ಕಟ್ಟಾದ ಜಾಗದಲ್ಲಿ ತಿರುಗಿಸುವುದಕ್ಕಾಗಿ. ಬದಿಯ ಒಂದು ಚಕ್ರವನ್ನು ತಡೆದರೆ ಯಂತ್ರವು ಆ ಬದಿಗೆ ತಿರುಗುತ್ತದೆ. ರಸ್ತೆಯಲ್ಲಿ ಇದೇ ಗುಣವು ಪ್ರಾಣಕ್ಕೆ ಎರವಾಗುತ್ತದೆ. ಅದಕ್ಕಾಗಿಯೇ ಎರಡು ಪೆಡಲುಗಳನ್ನೂ ಒಟ್ಟಿಗೆ ಸೇರಿಸುವ ಕೊಂಡಿಯೊಂದನ್ನು ಇಟ್ಟಿದ್ದಾರೆ. ಅನೇಕ ಹಳೆಯ ಯಂತ್ರಗಳಲ್ಲಿ ಈ ಕೊಂಡಿಯು ಮುರಿದುಹೋಗಿರುತ್ತದೆ, ಅಥವಾ ತುಕ್ಕು ಹಿಡಿದು ಮೇಲಕ್ಕೆ ಅಂಟಿಕೊಂಡಿರುತ್ತದೆ. ಮೊದಲು ಮಾಡಬೇಕಾದ ದುರಸ್ತಿಯೇ ಇದು, ಖರ್ಚೂ ಅತ್ಯಲ್ಪ. ಹೊಲದ ಬದುವನ್ನು ದಾಟಿ ರಸ್ತೆಗೆ ಬಂದೊಡನೆ ಕೊಂಡಿಯನ್ನು ಹಾಕತಕ್ಕದ್ದು.

ಆದರೆ ಕೊಂಡಿಯನ್ನು ಹಾಕಿದ ಮಾತ್ರಕ್ಕೆ ಎರಡು ಚಕ್ರಗಳೂ ಸಮವಾಗಿ ಹಿಡಿಯುವುವೆಂದು ತಿಳಿಯಕೂಡದು. ಒಂದು ಬದಿಯ ಬ್ರೇಕು ಬಿಗಿಯಾಗಿ, ಇನ್ನೊಂದು ಸಡಿಲವಾಗಿದ್ದರೆ ಕೊಂಡಿ ಹಾಕಿದ್ದರೂ ಯಂತ್ರವು ಬಿಗಿಯಾದ ಬದಿಗೇ ಎಳೆಯುತ್ತದೆ, ಹಿಂದಿನಿಂದ ಟ್ರೈಲರು ತಳ್ಳಿ ಅದನ್ನು ಅಡ್ಡಲಾಗಿ ಮಡಚುತ್ತದೆ. ಎರಡು ಬದಿಯೂ ಸಮವಾಗಿ ದುರ್ಬಲವಾಗಿರುವ ಬ್ರೇಕು ಚಾಲಕನನ್ನು ಎಚ್ಚರಿಸುತ್ತದೆ. ಒಂದು ಬದಿ ಮಾತ್ರ ಬಲವಾಗಿರುವುದು ಅವನನ್ನು ಮೋಸಗೊಳಿಸುತ್ತದೆ.

ಮ್ಯಾಸಿ ಫರ್ಗ್ಯೂಸನ್ ಮಾದರಿಯ ಹಳೆಯ ಯಂತ್ರಗಳಲ್ಲಿರುವುದು ಡ್ರಮ್ಮಿನ ಬ್ರೇಕು. ಚಕ್ರದೊಡನೆ ತಿರುಗುವ ಡ್ರಮ್ಮಿನ ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿದ್ದು, ಪೆಡಲನ್ನು ಒತ್ತಿದಾಗ ಅವು ಅಗಲವಾಗಿ, ತಮ್ಮ ಮೈಮೇಲಿನ ಲೈನಿಂಗನ್ನು ಡ್ರಮ್ಮಿಗೆ ಒತ್ತುತ್ತವೆ. ಲೈನಿಂಗು ಸವೆದಂತೆಲ್ಲ ಪೆಡಲು ಹೆಚ್ಚು ಕೆಳಕ್ಕೆ ಇಳಿಯುತ್ತದೆ. ಇದು ಸಹಜವಾದ ಸವೆತ, ಹೊಂದಿಸುವುದರಿಂದ ಸರಿಹೋಗುತ್ತದೆ. ಪೆಡಲು ಮೇಲೆಯೇ ಗಟ್ಟಿಯಾಗಿ ನಿಂತರೂ ಚಕ್ರವು ಹಿಡಿಯದಿದ್ದರೆ ಮಾತ್ರ ರೋಗವು ಬೇರೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ಎಣ್ಣೆಯ ರೋಗ. ಹಿಂದಿನ ಅಚ್ಚಿನ ಆಯಿಲ್ ಸೀಲು ಸವೆದು, ಎಣ್ಣೆಯು ಡ್ರಮ್ಮಿನೊಳಕ್ಕೆ ಇಳಿದು ಲೈನಿಂಗನ್ನು ನೆನೆಸಿರುತ್ತದೆ. ಡ್ರಮ್ಮಿನ ಹಿಂಬದಿಯ ತಗಡಿನ ಕೆಳಗೆ ಎಣ್ಣೆ ಕಲಸಿದ ಕಪ್ಪು ಮಣ್ಣು ಅಂಟಿದ್ದರೆ ಅದೇ ಗುರುತು. ಇಂಥ ಬ್ರೇಕನ್ನು ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು ಮತ್ತೆ ಹಾಕುವುದುಂಟು. ಎರಡು ದಿನ ಹಿಡಿದಂತೆ ತೋರಿ, ಡ್ರಮ್ಮು ಕಾದೊಡನೆ ಒಳಗೆ ಇಂಗಿದ್ದ ಎಣ್ಣೆ ಮೇಲಕ್ಕೆ ಬರುತ್ತದೆ. ಮೊದಲು ಸೀಲನ್ನು ಬದಲಾಯಿಸಿ, ಆಮೇಲೆ ಹೊಸ ಲೈನಿಂಗನ್ನು ಹಾಕುವುದೇ ಮಾರ್ಗ. ಸೀಲನ್ನು ಬಿಟ್ಟು ಲೈನಿಂಗು ಹಾಕಿದರೆ ಹಣವನ್ನು ಎಣ್ಣೆಯಲ್ಲಿ ಅದ್ದಿದಂತೆ.

ಬಿಚ್ಚುವ ಕೆಲಸಕ್ಕೆ ಮೊದಲು ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡು ಕಡೆಯೂ ಅಡೆಗಲ್ಲು ಕೊಡತಕ್ಕದ್ದು. ಇಲ್ಲಿ ಬಹು ಜನರು ಮರೆಯುವ ಸಂಗತಿಯೊಂದಿದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚು ಮಧ್ಯದ ಒಂದೇ ಗೂಟದ ಮೇಲೆ ತೂಗಾಡುವಂತಿರುತ್ತದೆ. ಹಿಂಭಾಗವನ್ನು ಮೇಲೆತ್ತಿದಾಗ ಮೈಯೆಲ್ಲ ಆ ಗೂಟದ ಮೇಲೆ ಪಕ್ಕಕ್ಕೆ ವಾಲಬಹುದು. ಆದಕಾರಣ ಮುಂದಿನ ಅಚ್ಚಿಗೂ ಅದರ ಮೇಲಿನ ಚೌಕಟ್ಟಿಗೂ ನಡುವೆ ಎರಡು ಬದಿಗಳಲ್ಲಿಯೂ ಮರದ ಬೆಣೆಗಳನ್ನು ಬಡಿದ ಮೇಲೆಯೇ ಜಾಕಿಯನ್ನು ಏರಿಸಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಕೂಡದು; ಅಚ್ಚಿನ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ ಭಾರವನ್ನು ಅವುಗಳ ಮೇಲೆ ಇಳಿಸತಕ್ಕದ್ದು. ಟೈರಿನಲ್ಲಿ ನೀರು ತುಂಬಿದ್ದರೆ ಚಕ್ರವನ್ನು ಕಳಚಲು ಒಬ್ಬ ಆಳು ಸಾಲದು.

ಡ್ರಮ್ಮು ಬಾರದಿದ್ದರೆ ಸುತ್ತಿಗೆಯಿಂದ ಹೊಡೆಯುವ ಮುನ್ನ ಹೊಂದಿಸುವ ಹಲ್ಲುಚಕ್ರವನ್ನು ಸಡಿಲಿಸಿ ನೋಡಬೇಕು. ಸವೆದ ಡ್ರಮ್ಮಿನ ಅಂಚಿನಲ್ಲಿ ಶೂಗಳು ಸಿಕ್ಕಿಕೊಂಡಿರುವುದೇ ಸಾಮಾನ್ಯವಾದ ಕಾರಣ. ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಕೂಡದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಸೇರಿರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಅನೇಕ ವರ್ಷಗಳ ಮೇಲೆ ಕ್ಯಾನ್ಸರಿನಂಥ ರೋಗಗಳನ್ನು ತರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹೂಳುವುದು ಲೇಸು. ರಿವೀಟುಗಳ ತಲೆಯು ಲೈನಿಂಗಿನ ಮಟ್ಟಕ್ಕೆ ಬಂದಿದ್ದರೆ ಅದು ಮುಗಿಯಿತೆಂದು ತಿಳಿಯತಕ್ಕದ್ದು. ಮುಂದೆ ಅವು ಡ್ರಮ್ಮನ್ನೇ ಕೊರೆಯುತ್ತವೆ, ಆಗ ಲೇತಿನ ಖರ್ಚೂ ಬೀಳುತ್ತದೆ. ಒಂದು ಬದಿ ಮಾತ್ರ ಹೊಸ ಲೈನಿಂಗು ಹಾಕುವುದು ತಪ್ಪು. ಹಾಕಿದರೆ ಎರಡು ಬದಿಗೂ ಒಂದೇ ತಯಾರಿಕೆಯದನ್ನು ಹಾಕಬೇಕು. ಎಳೆತವಿಲ್ಲದ ಸ್ಪ್ರಿಂಗುಗಳನ್ನೂ ಇದೇ ಸಮಯದಲ್ಲಿ ಬದಲಾಯಿಸುವುದು.

ಹೊಂದಿಸುವ ಕೆಲಸವನ್ನು ಡ್ರಮ್ಮು ತಣ್ಣಗಿರುವಾಗ ಮಾಡತಕ್ಕದ್ದು. ಗೇರನ್ನು ಬಿಡಿಸಿ, ಪೆಡಲನ್ನು ಹಿಡಿದಿಡುವ ಕೊಂಡಿಯನ್ನೂ ಬಿಡಿಸಿ, ಹೊಂದಿಸುವ ಕಂಡಿಯೊಳಗೆ ಸ್ಕ್ರೂಡ್ರೈವರನ್ನು ತೂರಿಸಿ, ಚಕ್ರವು ಕೈಗೆ ತಿರುಗದಷ್ಟು ಆಗುವವರೆಗೆ ಹಲ್ಲುಚಕ್ರವನ್ನು ಬಿಗಿ ಮಾಡಬೇಕು. ಅನಂತರ ಒಂದೊಂದೇ ಹಲ್ಲು ಹಿಂದಕ್ಕೆ ಬಿಡುತ್ತಾ, ಚಕ್ರವು ಉಜ್ಜದೆ ಸರಾಗವಾಗಿ ತಿರುಗುವಲ್ಲಿ ನಿಲ್ಲಿಸಬೇಕು. ಇನ್ನೊಂದು ಬದಿಯೂ ಹೀಗೆಯೇ. ಆಮೇಲೆ ಪೆಡಲಿನಿಂದ ಹೋಗುವ ಸಲಾಕಿಗಳ ಉದ್ದವನ್ನು ನಟ್ಟಿನಿಂದ ಸರಿಮಾಡಿ, ಎರಡು ಪೆಡಲುಗಳೂ ಒಂದೇ ಎತ್ತರದಲ್ಲಿ ನಿಂತು ಒಂದೇ ಅಳತೆಯಷ್ಟು ಇಳಿಯುವಂತೆ ಮಾಡತಕ್ಕದ್ದು. ಪೆಡಲಿಗೆ ಸ್ವಲ್ಪವೂ ಸಡಿಲಿಲ್ಲದಂತೆ ಬಿಗಿ ಮಾಡಿದರೆ ಶೂಗಳು ಸದಾ ಉಜ್ಜಿ, ಡ್ರಮ್ಮು ಕಾದು, ಹಿಡಿತವೇ ಹೋಗುತ್ತದೆ. ಸಡಿಲಿನ ಅಳತೆಯು ಯಂತ್ರದಿಂದ ಯಂತ್ರಕ್ಕೆ ಬೇರೆಯಾದ್ದರಿಂದ ಆಯಾ ಕಂಪೆನಿಯ ಪುಸ್ತಕವನ್ನೇ ಅನುಸರಿಸುವುದು.

ಸಮವಾಗಿದೆಯೇ ಎಂದು ಪರೀಕ್ಷಿಸುವುದು ಸುಲಭ. ಚಕ್ರಗಳು ಇನ್ನೂ ಮೇಲಿರುವಾಗಲೇ ಪೆಡಲುಗಳ ಕೊಂಡಿಯನ್ನು ಹಾಕಿ ಒಬ್ಬನು ಮೆಲ್ಲನೆ ಒತ್ತಲಿ, ಇನ್ನೊಬ್ಬನು ಎರಡು ಚಕ್ರಗಳನ್ನೂ ಒಂದಾದ ಮೇಲೊಂದು ತಿರುಗಿಸಿ ನೋಡಲಿ. ಯಾವುದು ಮೊದಲು ಬಿಗಿಯುವುದೋ ಆ ಬದಿಯನ್ನು ಒಂದು ಹಲ್ಲು ಸಡಿಲಿಸಬೇಕು. ಬಳಿಕ ಯಂತ್ರವನ್ನು ಇಳಿಸಿ, ಚಕ್ರದ ನಟ್ಟುಗಳನ್ನು ಪೂರ್ತಿ ಬಿಗಿದು, ಟ್ರೈಲರಿಲ್ಲದೆ, ಜನರಿಲ್ಲದ ಸಮತಟ್ಟು ಕಣದಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಒತ್ತಿದರೆ ನೆಲದ ಮೇಲಿನ ಟೈರಿನ ಎರಡು ಗೆರೆಗಳೇ ಉತ್ತರ ಹೇಳುತ್ತವೆ. ಹೊಸ ಲೈನಿಂಗು ಡ್ರಮ್ಮಿಗೆ ಕೂಡಿಕೊಳ್ಳಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಭಾರವನ್ನು ಎಳೆಯದೆ, ವಾರ ಕಳೆದ ಮೇಲೆ ಮತ್ತೊಮ್ಮೆ ಹೊಂದಿಸತಕ್ಕದ್ದು.

ಬಿ-275 ಯಂತ್ರದಲ್ಲಿರುವುದು ಡ್ರಮ್ಮಲ್ಲ, ಒಣ ಡಿಸ್ಕುಗಳು. ಹೊಂದಿಸುವ ವಿಧಾನವು ಬೇರೆಯಾದರೂ ಎಣ್ಣೆಯ ರೋಗ ಮತ್ತು ಎರಡು ಬದಿಗಳ ಸಮತೆಯ ವಿಚಾರವು ಅದಕ್ಕೂ ಸಲ್ಲುತ್ತದೆ. ಈಚಿನ ಟ್ರ್ಯಾಕ್ಟರುಗಳಲ್ಲಿ ಎಣ್ಣೆಯಲ್ಲಿಯೇ ಮುಳುಗಿರುವ ಬ್ರೇಕುಗಳಿದ್ದು, ಅವುಗಳಿಗೆ ಕಂಪೆನಿಯು ಹೇಳಿದ ಎಣ್ಣೆಯನ್ನಲ್ಲದೆ ಬೇರೆಯದನ್ನು ಹಾಕಕೂಡದು.

ಕೆಸರುಗದ್ದೆಯಲ್ಲಿ ಕೆಲಸ ಮಾಡಿದ ಯಂತ್ರವನ್ನು ರಸ್ತೆಗೆ ತಂದಾಗ, ನಿಧಾನವಾಗಿ ಚಲಿಸುತ್ತಾ ನಾಲ್ಕಾರು ಬಾರಿ ಪೆಡಲನ್ನು ಹಗುರವಾಗಿ ಒತ್ತಿ ಡ್ರಮ್ಮಿನೊಳಗಿನ ನೀರನ್ನು ಒಣಗಿಸಿಕೊಳ್ಳಬೇಕು. ವಿದುರಾಶ್ವತ್ಥದ ಜಾತ್ರೆಗೋ ಮದುವೆಯ ದಿಬ್ಬಣಕ್ಕೋ ಟ್ರೈಲರಿನಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ. ಬ್ರೇಕು ಎಷ್ಟೇ ಚೆನ್ನಾಗಿದ್ದರೂ ವಿರುದ್ಧವೇ. ಪೆಡಲುಗಳ ಸಡಿಲನ್ನು ಪ್ರತಿ ತಿಂಗಳೂ ಒಮ್ಮೆ, ಮತ್ತು ಸುಗ್ಗಿಯ ಟ್ರೈಲರನ್ನು ಕಟ್ಟುವ ಮುನ್ನ ತಪ್ಪದೆ ಒಮ್ಮೆ ನೋಡತಕ್ಕದ್ದು. ಎರಡು ಪೆಡಲುಗಳ ಅಳತೆಯನ್ನೂ ಡೀಸಲಿನ ಲೆಕ್ಕವಿಡುವ ಪುಸ್ತಕದಲ್ಲಿಯೇ ತಾರೀಖಿನೊಡನೆ ಬರೆದಿಟ್ಟರೆ, ಯಾವ ಬದಿಯು ಬೇಗ ಸವೆಯುತ್ತಿದೆಯೆಂಬುದು ಚಾಲಕನು ಬದಲಾದರೂ ಮನೆಯವರಿಗೆ ತಿಳಿದಿರುತ್ತದೆ.